ಅಣ್ಣ, ಅಗ್ರಾನಮಿ ಬುಕ್ ಐತಾ?

ನಾಟಿ ಕೂಲಿ, ಗೊಬ್ಬರದ ಸಾಲ, ಕಾಲೇಜು ಫೀಸು ಮೂರೂ ಒಟ್ಟಿಗೆ ಬಾಗಿಲಿಗೆ ಬರುವ ಕಾಲವಿದು. ಪಠ್ಯಪುಸ್ತಕಕ್ಕೆ ದುಡ್ಡೆಲ್ಲಿಂದ ತರೋಣ? ಮಂಡ್ಯದ ಕೃಷಿ ಕಾಲೇಜಿರುವ ವಿ.ಸಿ. ಫಾರಂನ ಹಾಸ್ಟೆಲ್ ಕಾರಿಡಾರಿನಲ್ಲಿ ಇದಕ್ಕೊಂದು ಉತ್ತರವಿದೆ. ಆದರೆ ಅದು ಗೊತ್ತಿದ್ದವರಿಗೆ ಮಾತ್ರ ಸಿಗುತ್ತಿದೆ.

ಟ್ರಂಕಿನ ಬಾಯಿ ತೆರೆದಿದೆ. ಮೇಲೆ ಮಡಚಿಟ್ಟ ಲ್ಯಾಬ್ ಕೋಟು, ಅದರಡಿ ಒಣಗಿಸಿ ಅಂಟಿಸಿದ ಕಳೆಗಿಡಗಳ ಹರ್ಬೇರಿಯಂ, ತಳದಲ್ಲಿ ಪುಸ್ತಕಗಳ ಸಾಲು. ಕೊನೆಯ ವರ್ಷದ ಹುಡುಗ ‘ರಾವೆ’ಗೆ, ಅಂದರೆ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ಹಳ್ಳಿಗೆ ಹೊರಟಿದ್ದಾನೆ, ರೂಮು ಖಾಲಿ ಮಾಡಬೇಕು. ಮೊದಲ ವರ್ಷದ ಹುಡುಗನೊಬ್ಬ ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತಿದ್ದಾನೆ.

“ಅಣ್ಣ, ಅಗ್ರಾನಮಿ ಬುಕ್ ಐತಾ?”

“ಐತೆ, ಬಾ. ರೆಡ್ಡಿ ಬುಕ್ಕು. ರಟ್ಟು ಕಿತ್ತೋಗದೆ, ಒಳಗೆಲ್ಲ ಚೆನ್ನಾಗದೆ. ನೋಡ್ಕೊ.”

“ಎಷ್ಟ್ ಕೊಡ್ಲಣ್ಣ?”

“ನಾನು ಇನ್ನೂರಕ್ಕೆ ತಗಂಡಿದ್ದೆ. ನೀನು ನೂರೈವತ್ತು ಕೊಡು. ಒಂದ್ ಮಾತು, ಓದಾದ್ಮೇಲೆ ಗುಜರಿಗಾಕಂಗಿಲ್ಲ. ನಿನ್ ಜೂನಿಯರ್‌ಗೇ ಕೊಡ್ಬೇಕು.”

ಹುಡುಗ ಪುಸ್ತಕ ತಿರುವಿ ಹಾಕುತ್ತಾನೆ. ಯಲ್ಲಮಂದ ರೆಡ್ಡಿ ಮತ್ತು ಶಂಕರ ರೆಡ್ಡಿ ಅವರ ‘ಪ್ರಿನ್ಸಿಪಲ್ಸ್ ಆಫ್ ಅಗ್ರಾನಮಿ’. ಮೊದಲ ಪುಟದಲ್ಲಿ ಒಂದರ ಕೆಳಗೊಂದು ಮೂರು ಹೆಸರು, ಮೇಲಿನ ಎರಡಕ್ಕೆ ಅಡ್ಡಗೆರೆ. ನೀರಾವರಿ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ‘ಇದು ಕೇಳೇ ಕೇಳ್ತಾರೆ’ ಎಂದಿದೆ. ಅದರ ಕೆಳಗೆ ಬೇರೆ ಕೈಬರಹದಲ್ಲಿ ‘ಕೇಳಿದ್ರು’.

ಹೊಸ ಪುಸ್ತಕದಲ್ಲಿ ಇದು ಸಿಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿವರೆಗೆ ಓದಿ ಬಂದ ಮಗುವಿಗೆ ಇಂಗ್ಲಿಷಿನ ದಪ್ಪ ಪುಸ್ತಕ ಕೊಟ್ಟರೆ ಮೊದಲ ತಿಂಗಳು ಹೆದರಿಕೆಯಲ್ಲೇ ಕಳೆಯುತ್ತದೆ. ಅಂಚಿನಲ್ಲಿ ಕನ್ನಡದಲ್ಲಿ ಬರೆದಿಟ್ಟ ಎರಡು ಮಾತು ಅಲ್ಲಿ ಮೇಷ್ಟರ ಕೆಲಸ ಮಾಡುತ್ತವೆ. ಸೀನಿಯರ್ ಬಿಟ್ಟುಹೋದ ಪುಸ್ತಕವನ್ನು ನಾನು ಅಗ್ಗದ ಮಾಲೆಂದು ನೋಡುವುದಿಲ್ಲ. ಕೆಲವು ಸಲ ಅದು ಹೊಸದಕ್ಕಿಂತ ಒಳ್ಳೆಯ ಪುಸ್ತಕ.

ನೀರು ಬಿಟ್ಟ ಹೊತ್ತು, ಕೈ ಖಾಲಿಯಾದ ಹೊತ್ತು

ವಿ.ಸಿ. ಅಂದರೆ ವಿಶ್ವೇಶ್ವರಯ್ಯ ಕೆನಾಲ್, ಹಿಂದಿನ ಇರ್ವಿನ್ ನಾಲೆ. ಕೃಷ್ಣರಾಜಸಾಗರದ ನೀರು ಮಂಡ್ಯದ ಬಯಲಿಗೆ ಹರಿದಾಗ, ಈ ನೀರಿನಲ್ಲಿ ಏನು ಬೆಳೆಯಬೇಕು, ಹೇಗೆ ಬೆಳೆಯಬೇಕು ಎಂದು ಕಂಡುಕೊಳ್ಳಲು 1930ರ ದಶಕದ ಆರಂಭದಲ್ಲಿ ಈ ಫಾರಂ ಎದ್ದಿತು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಹೆಸರು ಇಲ್ಲಿ ಇಂದಿಗೂ ಕೇಳಿಬರುತ್ತದೆ. 1933ರಲ್ಲಿ ಮಂಡ್ಯದ ಮೈಷುಗರ್ ಕಂಪನಿ ಶುರುವಾಯಿತು. ಕೃಷಿ ಕಾಲೇಜು ಬಂದದ್ದು ಬಹಳ ತಡವಾಗಿ, 1991ರಲ್ಲಿ. 2025ರಲ್ಲಿ ಶಾಸನಸಭೆ ಮಸೂದೆಗೆ ಒಪ್ಪಿಗೆ ಕೊಟ್ಟು, ಇಲ್ಲಿಗೇ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯವೂ ಬಂದಿದೆ.

ಸಿಇಟಿಯಲ್ಲಿ ಕೃಷಿಕರ ಕೋಟಾ ಇರುವುದರಿಂದ ಇಲ್ಲಿಗೆ ಬರುವವರಲ್ಲಿ ರೈತರ ಮಕ್ಕಳು ಬಹಳ. ಸೀಟು ಹಂಚಿಕೆ ಮುಗಿದು ಮಕ್ಕಳು ಕಾಲೇಜಿಗೆ ಬರುವ ವೇಳೆಗೆ ನಾಲೆಗೆ ನೀರು ಬಿಟ್ಟಿರುತ್ತಾರೆ. ಮನೆಯಲ್ಲಿ ಒಟ್ಲು ಕೀಳಬೇಕು, ನಾಟಿಗೆ ಆಳು ಕರೆಯಬೇಕು, ಡಿಎಪಿ ಮೂಟೆ ತರಬೇಕು. ಕಬ್ಬಿನ ದುಡ್ಡು ಕಾರ್ಖಾನೆಯಿಂದ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಬರೀ ಡೇರಿ ಬಟವಾಡೆಯ ಮೇಲೆ ಮನೆ ನಡೆಯುವ ಆ ವಾರಗಳಲ್ಲೇ ಕಾಲೇಜು ಫೀಸು, ಹಾಸ್ಟೆಲ್ ಮೆಸ್ಸಿನ ಮುಂಗಡ, ಲ್ಯಾಬ್ ಕೋಟು, ರೆಕಾರ್ಡ್ ಬುಕ್ಕು ಎಲ್ಲ ಬಂದು ಕೂರುತ್ತವೆ. ಪಠ್ಯಪುಸ್ತಕದ ಸರದಿ ಕೊನೆಗೆ. ಎಷ್ಟೋ ಮಕ್ಕಳಿಗೆ ಆ ಸರದಿ ಬರುವುದೇ ಇಲ್ಲ, ಕ್ಲಾಸಿನ ನೋಟ್ಸಿನಲ್ಲೇ ಸೆಮಿಸ್ಟರ್ ದಾಟಿಬಿಡುತ್ತಾರೆ.

ಫುಟ್‌ಪಾತಿನಲ್ಲಿ ಕೃಷಿ ಪುಸ್ತಕ ಯಾಕಿಲ್ಲ?

ಹಳೇ ಪುಸ್ತಕ ಎಂದ ಕೂಡಲೇ ಎಲ್ಲರೂ ಬೆರಳು ತೋರಿಸುವುದು ಬೆಂಗಳೂರಿನ ಅವೆನ್ಯೂ ರಸ್ತೆಯ ಕಡೆಗೆ. ಪಿಯುಸಿ, ಎಂಜಿನಿಯರಿಂಗ್, ಬಿ.ಕಾಂ., ಸ್ಪರ್ಧಾತ್ಮಕ ಪರೀಕ್ಷೆ, ಏನು ಬೇಕಾದರೂ ಅಲ್ಲಿ ಚೌಕಾಸಿಗೆ ಸಿಗುತ್ತದೆ. ಕೃಷಿ ಕೇಳಿ ನೋಡಿ. ಅಂಗಡಿಯವರು ಒಂದು ಕ್ಷಣ ಯೋಚಿಸಿ ತಲೆಯಾಡಿಸುತ್ತಾರೆ.

ಕಾರಣ ಸರಳ. ಹಳೇ ಪುಸ್ತಕದ ವ್ಯಾಪಾರ ನಿಂತಿರುವುದು ವಿದ್ಯಾರ್ಥಿಗಳ ಸಂಖ್ಯೆಯ ಮೇಲೆ. ಎಂಜಿನಿಯರಿಂಗ್ ಓದುವವರು ಊರೂರಲ್ಲಿದ್ದಾರೆ, ಪುಸ್ತಕ ತಂದಿಟ್ಟರೆ ವಾರದಲ್ಲಿ ಖಾಲಿ. ಕೃಷಿ ಕಾಲೇಜುಗಳು ರಾಜ್ಯದಲ್ಲಿ ಬೆರಳೆಣಿಕೆಯಷ್ಟು, ಅವೂ ಊರ ಹೊರಗೆ ನೂರಾರು ಎಕರೆ ಹೊಲದ ನಡುವೆ. ವರ್ಷಕ್ಕೆ ನಾಲ್ಕು ಜನ ಕೇಳುವ ಪುಸ್ತಕಕ್ಕೆ ಯಾವ ವ್ಯಾಪಾರಿ ಜಾಗ ಕೊಡುತ್ತಾನೆ?

ಮಂಡ್ಯದವರಿಗೆ ಮೈಸೂರು ಹತ್ತಿರ. ಪ್ಯಾಸೆಂಜರ್ ರೈಲು ಹತ್ತಿ, ಲ್ಯಾನ್ಸ್‌ಡೌನ್ ಕಟ್ಟಡದ ಹಳೇ ಪುಸ್ತಕದಂಗಡಿಗಳಲ್ಲಿ ಚೌಕಾಸಿ ಮಾಡಿ ಚೀಲ ತುಂಬಿಸಿಕೊಂಡು ಬರುವುದು ಒಂದು ತಲೆಮಾರಿಗೇ ರೂಢಿಯಾಗಿತ್ತು. 1892ರ ಆ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ಅಂಗಡಿಗಳು ಖಾಲಿಯಾದವು. ಒಂದೇ ಸಾಲಿನಲ್ಲಿ ನಿಂತು ಐದಾರು ಕಡೆ ಬೆಲೆ ವಿಚಾರಿಸುವ ಅನುಕೂಲ ಅಲ್ಲಿಗೆ ಮುಗಿಯಿತು.

ಇನ್ನೂ ಹಿಂದೆ ಹೋದರೆ ಅಗ್ಗದ ಪಠ್ಯವನ್ನು ಸರ್ಕಾರಗಳೇ ಹಂಚುತ್ತಿದ್ದವು. ಬ್ರಿಟಿಷ್ ಸರ್ಕಾರದ ನೆರವಿನ ‘ಇ.ಎಲ್.ಬಿ.ಎಸ್.’ ಆವೃತ್ತಿಗಳು ಕಡಿಮೆ ಬೆಲೆಗೆ ಬರುತ್ತಿದ್ದವು. 1997ರಲ್ಲಿ ಅದು ನಿಂತಿತು. ಸೋವಿಯತ್ ಒಕ್ಕೂಟದ ‘ಮಿರ್’ ವಿಜ್ಞಾನ ಪುಸ್ತಕಗಳನ್ನು ನಮ್ಮಲ್ಲಿ ನವಕರ್ನಾಟಕದವರು ಮಾರುತ್ತಿದ್ದರು. ಕೃಷಿಯವರು ನೆನೆಯಬೇಕಾದ ಇನ್ನೊಂದಿದೆ: ಪಿ.ಎಲ್. 480ರಡಿ ಅಮೆರಿಕದಿಂದ ಗೋಧಿ ಬಂದಾಗ ನಾವು ರೂಪಾಯಿಯಲ್ಲಿ ಕಟ್ಟಿದ ಹಣದ ಒಂದು ಪಾಲು ಅಮೆರಿಕದ ಪಠ್ಯಪುಸ್ತಕಗಳನ್ನು ಇಲ್ಲಿ ಅಗ್ಗವಾಗಿ ಅಚ್ಚು ಹಾಕಿಸಲು ಹೋಯಿತು. ಪಠ್ಯಪುಸ್ತಕದ ಬೆಲೆ ಇಳಿಸುವುದು ಸರ್ಕಾರದ ಕೆಲಸ ಎಂದು ನಂಬಿದ್ದ ಕಾಲ ಅದು. ಆ ನಂಬಿಕೆ ಬಿಟ್ಟುಹೋದದ್ದು ನಷ್ಟವೇ.

| ಒಂದು ಸೆಟ್ಟು, ಇಬ್ಬರು ಮಕ್ಕಳು |
*ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆಂದು ಕೇಂದ್ರ ಸರ್ಕಾರ ರೂಪಿಸಿದ ಬುಕ್ ಬ್ಯಾಂಕ್ ಯೋಜನೆಯಲ್ಲಿ ವೈದ್ಯಕೀಯ, ಎಂಜಿನಿಯರಿಂಗ್, ಪಶುವೈದ್ಯಕೀಯದ ಜೊತೆ ಕೃಷಿ ಪದವಿಯೂ ಸೇರಿತ್ತು. ಇಬ್ಬರಿಗೆ ಒಂದು ಸೆಟ್ಟು ಪುಸ್ತಕ, ಒಂದು ಸೆಟ್ಟಿನ ಆಯುಸ್ಸು ಮೂರು ವರ್ಷ ಎಂಬುದು ಅದರ ಲೆಕ್ಕ. ಕಾಲೇಜಿಗೆ ದಾಖಲಾದ ದಿನವೇ ಗ್ರಂಥಾಲಯದಲ್ಲಿ ‘ಬುಕ್ ಬ್ಯಾಂಕ್ ಪುಸ್ತಕ ಯಾವಾಗ ಕೊಡ್ತೀರಿ ಸರ್?’ ಎಂದು ಕೇಳಿ. ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ.*

ಯಾವುದು ಹಳತಾದರೂ ನಡೆಯುತ್ತದೆ?

ಹಳೇ ಪುಸ್ತಕ ಕೊಳ್ಳುವವರು ಮೊದಲು ಬೆಲೆ ನೋಡುತ್ತಾರೆ. ನೋಡಬೇಕಾದದ್ದು ವಿಷಯ. ಕೃಷಿಯಲ್ಲಿ ಕೆಲವು ವಿಷಯಗಳಿಗೆ ವಯಸ್ಸೇ ಆಗುವುದಿಲ್ಲ. ಇನ್ನು ಕೆಲವು ಐದು ವರ್ಷದಲ್ಲಿ ಅಪಾಯಕಾರಿಯಾಗುತ್ತವೆ.

ಮಣ್ಣಿನ ಕಣ, ರಸಸಾರ, ನೀರು ಹಿಡಿದಿಡುವ ಗುಣ, ಮೆಂಡಲನ ಅನುವಂಶೀಯತೆ, ಕೀಟದ ದೇಹರಚನೆ, ಕಾಲುವೆಯ ಹರಿವಿನ ಲೆಕ್ಕ, ಇವೆಲ್ಲ ಹದಿನೈದು ವರ್ಷದ ಹಿಂದಿನ ಪುಸ್ತಕದಲ್ಲಿದ್ದರೂ ಸರಿಯೇ. ಡಿ.ಕೆ. ದಾಸ್ ಅವರ ಮಣ್ಣು ವಿಜ್ಞಾನ, ಎ.ಎಂ. ಮೈಕೆಲ್ ಅವರ ನೀರಾವರಿ, ಬಿ.ಡಿ. ಸಿಂಗ್ ಅವರ ಸಸ್ಯ ತಳಿ ಅಭಿವೃದ್ಧಿ ಪುಸ್ತಕಗಳ ಹಳೇ ಆವೃತ್ತಿ ಕಂಡರೆ ಹಿಂದೆಮುಂದೆ ನೋಡದೆ ತೆಗೆದುಕೊಳ್ಳಬಹುದು. ಬ್ರೇಡಿ ಮತ್ತು ವೇಲ್ ಅವರ ಮಣ್ಣಿನ ಪುಸ್ತಕ ಹೊಸದಾಗಿ ಕೊಳ್ಳಲು ಎಲ್ಲರ ಕೈಗೂ ಎಟುಕುವುದಿಲ್ಲ. ಹಿಂದಿನ ಆವೃತ್ತಿ ಅರ್ಧಕ್ಕಿಂತ ಕಡಿಮೆಗೆ ಸಿಕ್ಕರೆ ನಾಲ್ಕು ವರ್ಷಕ್ಕೂ ಸಾಕು.

ಬೆಳೆ ಪುಸ್ತಕಗಳದ್ದು ಮಧ್ಯದ ದಾರಿ. ಬೇಸಾಯದ ಕ್ರಮ ಬಹುಪಾಲು ಹಾಗೇ ಇರುತ್ತದೆ, ತಳಿಗಳ ಪಟ್ಟಿ ಬದಲಾಗಿರುತ್ತದೆ. ಹಳೇ ಪುಸ್ತಕದ ರಾಗಿ ಅಧ್ಯಾಯದಲ್ಲಿ ಇಂಡಾಫ್ ತಳಿಗಳು ಸಾಲುಗಟ್ಟಿ ಕಾಣುತ್ತವೆ. ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಅವನ್ನು ಕೊಟ್ಟವರು ಇದೇ ವಿ.ಸಿ. ಫಾರಂನ ‘ರಾಗಿ ಲಕ್ಷ್ಮಣಯ್ಯ’. ಈಗ ಹೊಲದಲ್ಲಿರುವುದು ಜಿಪಿಯು 28, ಎಂಎಲ್ 365, ಮಂಡ್ಯದ್ದೇ ಆದ ಕೆಎಂಆರ್ ಸರಣಿ. ಕಬ್ಬಿನಲ್ಲೂ ಹೀಗೆಯೇ: ಪುಸ್ತಕದಲ್ಲಿ ಸಿಒ 419, ಸಿಒ 62175, ಹೊರಗೆ ತಾಕಿನಲ್ಲಿ ಸಿಒ 86032 ಮತ್ತು ಈ ಫಾರಂ ಹೆಸರನ್ನೇ ಹೊತ್ತ ವಿಸಿಎಫ್ 0517. ಮಂಡ್ಯದ ವಿದ್ಯಾರ್ಥಿಗೆ ಇದು ತೊಂದರೆಯೇ ಅಲ್ಲ. ಪುಸ್ತಕ ಹಿಡಿದು ಪ್ರಯೋಗದ ತಾಕಿಗೆ ಹೋಗಿ ಬೋರ್ಡು ನೋಡಿ ಪಟ್ಟಿ ತಿದ್ದಿಕೊಂಡರೆ ಆಯಿತು. ಹಾಗೆ ತಿದ್ದಿದ ಪುಸ್ತಕ ಮುಂದಿನವನಿಗೆ ಇನ್ನೂ ಬೆಲೆಬಾಳುತ್ತದೆ.

ಸಸ್ಯ ಸಂರಕ್ಷಣೆಯ ಹಳೇ ಪುಸ್ತಕದ ಬಗ್ಗೆ ಮಾತ್ರ ನಾನು ಕಟುವಾಗಿಯೇ ಹೇಳುತ್ತೇನೆ: ಔಷಧಿಯ ಪ್ರಮಾಣಕ್ಕಾಗಿ ಅದನ್ನು ನಂಬಬೇಡಿ. ಎಂಡೋಸಲ್ಫಾನ್‌ಗೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಭತ್ತದ ಗದ್ದೆಗೆ ಎರಚುತ್ತಿದ್ದ ಫೋರೇಟ್ ಹರಳು, ಡೈಕ್ಲೋರ್‌ವಾಸ್, ಟ್ರಯಜೋಫಾಸ್ ಮೊದಲಾದವನ್ನು ನಿಷೇಧಿಸುವ ಆದೇಶ 2018ರಲ್ಲಿ ಹೊರಬಿತ್ತು, 2020ರ ಕೊನೆಗೆ ಇವು ಮೂರಕ್ಕೂ ಬಾಗಿಲು ಮುಚ್ಚಿತು. ಹಳೇ ಪುಸ್ತಕ ಇವನ್ನು ಈಗಲೂ ಎಕರೆಗೆ ಇಷ್ಟು ಎಂದು ಹೇಳುತ್ತಲೇ ಇರುತ್ತದೆ. ರಾವೆಗೆ ಹೋದ ಹುಡುಗ ಅದನ್ನೇ ರೈತರಿಗೆ ಓದಿ ಹೇಳಿದರೆ ಅನಾಹುತ. ಮೆಕ್ಕೆಜೋಳದ ಅಧ್ಯಾಯದಲ್ಲಿ ಫಾಲ್ ಸೈನಿಕ ಹುಳುವಿನ ಹೆಸರೇ ಇರುವುದಿಲ್ಲ. ಅದು ದೇಶದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ಅದೂ ಕರ್ನಾಟಕದಲ್ಲೇ. ಕೀಟದ ಜೀವನಚಕ್ರ, ರೋಗದ ಲಕ್ಷಣ ಓದಲು ಹಳತು ಸಾಕು. ಔಷಧಿಗೆ ಈ ವರ್ಷದ ಬೇಸಾಯ ಪದ್ಧತಿಯ ಕೈಪಿಡಿಯೇ ಬೇಕು.

ಕೃಷಿ ಅರ್ಥಶಾಸ್ತ್ರದ್ದೂ ಅಷ್ಟೇ. ಯೋಜನಾ ಆಯೋಗ ಹೋಗಿ ನೀತಿ ಆಯೋಗ ಬಂದದ್ದು 2015ರಲ್ಲಿ, ಫಸಲ್ ಬಿಮಾ 2016ರಲ್ಲಿ, ಜಿಎಸ್‌ಟಿ 2017ರಲ್ಲಿ. ಅದಕ್ಕೂ ಹಿಂದಿನ ಪುಸ್ತಕ ಬೇಡಿಕೆ, ಪೂರೈಕೆ, ಉತ್ಪಾದನಾ ವೆಚ್ಚಕ್ಕೆ ಸರಿ. ಯೋಜನೆಗಳ ಅಧ್ಯಾಯಕ್ಕೆ ಅಲ್ಲ.

| ಕೊಳ್ಳುವ ಮುಂಚೆ |
*• ರಟ್ಟು ಹೋಗಿದ್ದರೆ ಚಿಂತೆಯಿಲ್ಲ, ಬೈಂಡಿಂಗ್ ಮಾಡಿಸಬಹುದು. ನಡುವಿನ ಪುಟ ಹೋಗಿದ್ದರೆ ಬೇಡ. ಕೊನೆಯ ಅಧ್ಯಾಯ, ಪದಸೂಚಿ ಇವೆಯೇ ನೋಡಿ.*
*• ಗ್ರಂಥಾಲಯದ ಮೊಹರಿದ್ದು ‘ರದ್ದು’ ಎಂದು ಹಾಕಿಲ್ಲದಿದ್ದರೆ ಕೊಳ್ಳಬೇಡಿ. ಅದು ಇನ್ನೊಬ್ಬ ಬಡ ವಿದ್ಯಾರ್ಥಿಯ ಪಾಲಿನ ಪುಸ್ತಕ.*
*• ತೆಳು ಕಾಗದ, ಮಸುಕು ಚಿತ್ರ, ಓರೆಯಾದ ಪುಟ ಕಂಡರೆ ಕಳ್ಳಮುದ್ರಣ ಇರಬಹುದು.*
*• ಜೆ.ಆರ್.ಎಫ್. ಪರೀಕ್ಷೆಯ ಪ್ರಶ್ನೋತ್ತರ ಪುಸ್ತಕದಲ್ಲಿ ಉತ್ತರಕ್ಕೆ ಪೆನ್ನಿನಲ್ಲಿ ಗುರುತು ಹಾಕಿದ್ದರೆ ಅರ್ಧ ಪ್ರಯೋಜನ ಹೋಯಿತು.*

ಸಿಲಬಸ್ ಒಂದೇ, ಸಂತೆ ದೊಡ್ಡದು

ಕೃಷಿ ವಿದ್ಯಾರ್ಥಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಬಿ.ಎಸ್ಸಿ. ಕೃಷಿಯ ಪಠ್ಯಕ್ರಮದ ಚೌಕಟ್ಟನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ (ಐ.ಸಿ.ಎ.ಆರ್.) ಡೀನ್ಸ್ ಸಮಿತಿ ಇಡೀ ದೇಶಕ್ಕೆ ಸೇರಿಸಿ ಹಾಕಿಕೊಡುತ್ತದೆ. ಹಾಗಾಗಿ ಧಾರವಾಡದಲ್ಲಿ, ರಾಯಚೂರಿನಲ್ಲಿ, ಶಿವಮೊಗ್ಗದ ಇರುವಕ್ಕಿಯಲ್ಲಿ ಓದಿದ ಪುಸ್ತಕ ಮಂಡ್ಯದಲ್ಲೂ ನಡೆಯುತ್ತದೆ. ಸಂತೆ ಒಂದು ಹಾಸ್ಟೆಲಿನದ್ದಲ್ಲ, ರಾಜ್ಯದ್ದು.

ಒಂದು ಎಚ್ಚರಿಕೆ. ಆರನೇ ಡೀನ್ಸ್ ಸಮಿತಿಯ ಪಠ್ಯಕ್ರಮ 2024-25ರಿಂದ ಜಾರಿಯಾಗಿದೆ. ಕೋರ್ಸುಗಳ ಹೆಸರು, ಕ್ರಮ ಬದಲಾಗಿವೆ, ಕೌಶಲದ ಕೋರ್ಸುಗಳು ಮೊದಲ ವರ್ಷಕ್ಕೇ ಬಂದಿವೆ. ಸೀನಿಯರ್ ಮೂರನೇ ಸೆಮಿಸ್ಟರಿನಲ್ಲಿ ಓದಿದ್ದು ನಿಮಗೆ ಬೇರೆ ಸೆಮಿಸ್ಟರಿನಲ್ಲಿ ಬರಬಹುದು. ಪುಸ್ತಕದ ಹೆಸರು ನೋಡಿ ಬಿಡಬೇಡಿ, ಪರಿವಿಡಿಯನ್ನು ಸಿಲಬಸ್ಸಿನ ಪಕ್ಕ ಇಟ್ಟು ನೋಡಿ. ಅಧ್ಯಾಯಗಳಲ್ಲಿ ಬಹುಪಾಲು ಅವೇ.

ಕೊಳ್ಳಲು ಹೊತ್ತೂ ಮುಖ್ಯ. ‘ರಾವೆ’ಗೆ ಕೊನೆಯ ವರ್ಷದವರು ಹಳ್ಳಿಗೆ ಹೊರಡುವ ವಾರ ಟ್ರಂಕುಗಳು ತೆರೆಯುತ್ತವೆ. ಆ ವಾರ ತಪ್ಪಿಸಿಕೊಂಡರೆ ಪುಸ್ತಕಗಳು ಊರು ಸೇರಿ ಅಟ್ಟ ಹತ್ತುತ್ತವೆ, ಇಲ್ಲವೇ ಗುಜರಿಯವನ ತಕ್ಕಡಿಗೆ ಹೋಗುತ್ತವೆ. ಕೆ.ಜಿ. ಲೆಕ್ಕದಲ್ಲಿ ಹೋದ ಪುಸ್ತಕ ಮತ್ತೆ ಓದಿನ ಕೈಗೆ ಬರುವುದಿಲ್ಲ.

| ಅಂಚೆಯಲ್ಲಿ ಪುಸ್ತಕ |
*ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ಪುಸ್ತಕ ಕಳಿಸುವವರಿಗೆ ಕಷ್ಟವಾಗಿತ್ತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಶುರುವಾಯಿತು. 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ಗೆ 100 ರೂಪಾಯಿ ಎಂದು ದರ ಇಟ್ಟರು, ತೆರಿಗೆ ಬೇರೆ. ಪಠ್ಯಪುಸ್ತಕಗಳಿಗೆ ಅನ್ವಯಿಸುತ್ತದೆ, ಎಲ್ಲಿಗೆ ತಲುಪಿತೆಂದು ನೋಡಲೂ ಬರುತ್ತದೆ. ರಾಯಚೂರಿನ ಗೆಳತಿ ಒಂದು ಸೆಮಿಸ್ಟರಿನ ಪುಸ್ತಕ ಕಟ್ಟಿ ಮಂಡ್ಯಕ್ಕೆ ಕಳಿಸಲು ಇದಕ್ಕಿಂತ ಅಗ್ಗದ ದಾರಿ ಸಿಗುವುದು ಕಷ್ಟ.*

ಜೆರಾಕ್ಸ್ ಎಷ್ಟು, ಎಲ್ಲಿವರೆಗೆ?

ಪುಸ್ತಕ ಸಿಗದಿದ್ದರೆ ಜೆರಾಕ್ಸ್. ಇದು ತಪ್ಪಲ್ಲವೇ ಎಂದು ಮಕ್ಕಳು ಹಿಂಜರಿಯುವುದುಂಟು. ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೊಕಾಪಿ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು ಹೂಡಿದ್ದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು 2016ರಲ್ಲಿ ಉತ್ತರ ಕೊಟ್ಟಿತು: ಪಾಠಕ್ಕೆ ಅಗತ್ಯವಾದಷ್ಟನ್ನು ಪ್ರತಿ ಮಾಡಿಕೊಳ್ಳಲು 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ ಅವಕಾಶವಿದೆ. ಮರುವರ್ಷ ಪ್ರಕಾಶಕರು ಹಿಂದೆ ಸರಿದರು. ಇದು ಬಡ ವಿದ್ಯಾರ್ಥಿಗಳಿಗೆ ಸಿಕ್ಕ ದೊಡ್ಡ ಗೆಲುವು. ಇಡೀ ಪುಸ್ತಕ ಅಚ್ಚು ಹಾಕಿ ಮಾರುವವರಿಗೆ ಮಾತ್ರ ಇದು ರಹದಾರಿಯಲ್ಲ.

ಆದರೆ ಕೃಷಿಯಲ್ಲಿ ಕಪ್ಪು ಬಿಳುಪು ಜೆರಾಕ್ಸ್‌ಗೆ ಒಂದು ಮಿತಿಯಿದೆ. ಭತ್ತದ ಬೆಂಕಿ ರೋಗದ ಕಲೆ ಕದಿರಿನಾಕಾರ, ನಡುವೆ ಬೂದಿ ಬಣ್ಣ, ಅಂಚು ಕಂದು. ಕಂದು ಚುಕ್ಕೆ ರೋಗದ್ದು ಮೊಟ್ಟೆಯಾಕಾರ, ಸುತ್ತ ಹಳದಿ. ಜೆರಾಕ್ಸಿನಲ್ಲಿ ಎರಡೂ ಒಂದೇ ಕರಿ ಮಚ್ಚೆ. ಸಸ್ಯರೋಗದ ಬಣ್ಣದ ಪುಟಗಳಿಗೆ ಮೂಲ ಪುಸ್ತಕವನ್ನೇ ಹುಡುಕಬೇಕು, ಇಲ್ಲವೇ ಐ.ಸಿ.ಎ.ಆರ್.ನ ಇ-ಕೋರ್ಸು, ತಮಿಳುನಾಡು ಕೃಷಿ ವಿ.ವಿ.ಯ ಅಗ್ರಿಟೆಕ್ ಜಾಲತಾಣ ನೋಡಬೇಕು. ಇವೆರಡೂ ಉಚಿತ. ಎಲ್ಲಕ್ಕಿಂತ ಒಳ್ಳೆಯದು ಕಾಲೇಜಿನ ಎದುರಿನ ಗದ್ದೆ.

ಪಾಂಡವಪುರದ ದಾರಿಯಲ್ಲಿ

ಪುಸ್ತಕವೆಂದರೆ ಮಂಡ್ಯ ಜಿಲ್ಲೆ ತಲೆಯೆತ್ತಿ ನಿಂತಿದೆ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯ ‘ಪುಸ್ತಕ ಮನೆ’ಯ ಅಂಕೇಗೌಡರಿಗೆ 2026ರ ಪದ್ಮಶ್ರೀ ಘೋಷಣೆಯಾಯಿತು. ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು, ಸಂಬಳದ ಬಹುಪಾಲನ್ನು ಪುಸ್ತಕಕ್ಕೆ ಸುರಿದು ಇಪ್ಪತ್ತು ಲಕ್ಷದಷ್ಟು ಪುಸ್ತಕ ಕೂಡಿಹಾಕಿ ಎಲ್ಲರಿಗೂ ಉಚಿತವಾಗಿ ಬಾಗಿಲು ತೆರೆದರು. ಒಬ್ಬ ಮನುಷ್ಯನ ಜೀವಮಾನ ಇಷ್ಟು ಮಾಡಬಲ್ಲದು ಎಂಬುದು ನನಗೆ ಪ್ರತಿ ಸಲ ರೋಮಾಂಚನ ಕೊಡುತ್ತದೆ.

ಅದೇ ಜಿಲ್ಲೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಒಂದು ಪುಸ್ತಕ ಸೀನಿಯರಿನಿಂದ ಜೂನಿಯರಿಗೆ ಹೋಗುವುದು ಇಂದಿಗೂ ಪರಿಚಯದ ಬಲದ ಮೇಲೆ. ಮೊದಲ ವಾರವೇ ಧೈರ್ಯ ಮಾಡಿ ಸೀನಿಯರ್ ರೂಮಿಗೆ ಹೋದವನಿಗೆ ಸಿಗುತ್ತದೆ, ಸಂಕೋಚದ ಮಗುವಿಗೆ ಸಿಗುವುದಿಲ್ಲ. ಹುಡುಗಿಯರ ಹಾಸ್ಟೆಲಿಗೂ ಹುಡುಗರ ಹಾಸ್ಟೆಲಿಗೂ ನಡುವೆ ಪುಸ್ತಕ ದಾಟುವುದು ಇನ್ನೂ ಕಷ್ಟ. ದಿನಾ ಮಳವಳ್ಳಿಯಿಂದಲೋ ಮದ್ದೂರಿನಿಂದಲೋ ಬಸ್ಸಿನಲ್ಲಿ ಬಂದು ಹೋಗುವವರಿಗೆ ಈ ಸಂತೆ ನಡೆಯುತ್ತಿದೆ ಎಂಬುದೇ ತಿಳಿಯುವುದಿಲ್ಲ.

ಇದನ್ನು ಸರಿಪಡಿಸಲು ಅನುದಾನ ಬೇಡ, ಟೆಂಡರ್ ಬೇಡ. ರಾವೆಗೆ ಹೊರಡುವವರು ನೋ ಡ್ಯೂ ಸಹಿಗೆ ಗ್ರಂಥಾಲಯಕ್ಕೆ ಬಂದೇ ಬರುತ್ತಾರೆ. ಅಲ್ಲೊಂದು ರಿಜಿಸ್ಟರ್ ಇಡಲಿ: ಪುಸ್ತಕದ ಹೆಸರು, ಆವೃತ್ತಿಯ ವರ್ಷ, ಕೇಳುವ ಬೆಲೆ ಅಥವಾ ‘ಸುಮ್ಮನೆ ಕೊಡುತ್ತೇನೆ’. ಸಸ್ಯ ಸಂರಕ್ಷಣೆಯ ಮೇಷ್ಟರೊಬ್ಬರು ಆ ಪುಸ್ತಕಗಳ ಮೇಲೆ ‘ಔಷಧಿಗೆ ಕೈಪಿಡಿ ನೋಡಿ’ ಎಂದು ಚೀಟಿ ಅಂಟಿಸಲಿ. ದಾಖಲಾತಿಯ ವಾರ ಫೀಸು ಕಟ್ಟುವ ಕೌಂಟರಿನ ಪಕ್ಕ ಒಂದು ಮೇಜು ಹಾಕಿ ಆ ರಿಜಿಸ್ಟರನ್ನೂ ಪುಸ್ತಕಗಳನ್ನೂ ಅಲ್ಲಿಡಲಿ. ಮಗನ ಜೊತೆ, ಮಗಳ ಜೊತೆ ಬಂದ ಅಪ್ಪ ರಸೀದಿ ಮಡಚಿ ಜೇಬಿಗಿಟ್ಟುಕೊಳ್ಳುವ ಮೊದಲೇ, ಉಳಿದ ಇನ್ನೂರು ಮುನ್ನೂರರಲ್ಲಿ ಮೊದಲ ಸೆಮಿಸ್ಟರಿನ ಎರಡು ಪುಸ್ತಕ ಕೊಂಡು ಬಸ್ಸು ಹತ್ತಬಹುದು.